ಕಡತ ತೆರೆಯಿತು, ಅಕ್ಷರ ತೆರೆಯಲಿಲ್ಲ

ಕಳೆದ ಸೆಮಿಸ್ಟರಿನ ಕೊನೆಯಲ್ಲಿ, ಓದುವ ಕೋಣೆ ಖಾಲಿಯಾಗಿದ್ದ ಒಂದು ಮಧ್ಯಾಹ್ನ, ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬ ನನ್ನ ಮೇಜಿನ ಬಳಿ ಬಂದು ತನ್ನ ಮೊಬೈಲನ್ನು ನನ್ನ ಕಿವಿಯ ಹತ್ತಿರ ಹಿಡಿದ. ಅವನಿಗೆ ದೃಷ್ಟಿಯಿಲ್ಲ. ಫೋನಿನ ಸ್ಕ್ರೀನ್ ರೀಡರ್ ಓದಿ ಹೇಳುವುದನ್ನು, ನಮಗೆ ಒಂದು ಪದವೂ ಹಿಡಿತಕ್ಕೆ ಸಿಗದಷ್ಟು ವೇಗದಲ್ಲಿ, ಕೇಳಿಸಿಕೊಂಡೇ ಅವನು ಪಾಠವನ್ನೂ ಪತ್ರಿಕೆಯನ್ನೂ ಓದುತ್ತಾನೆ. “ಸರ್, ನೀವು ಹೇಳಿದ ಡಿಜಿಟಲ್ ಲೈಬ್ರರಿಯಿಂದಲೇ ಇಳಿಸ್ಕೊಂಡೆ. ಕತೆ ಓದೋದು ಬಿಟ್ಟು ಬರೀ ‘ಪೌಂಡ್, ಪೌಂಡ್’ ಅಂತಿದೆ,” ಎಂದ. ಕೇಳಿಸಿಕೊಂಡೆ. ಹೌದು, ಪೌಂಡ್ ಎಂದೇ ಅನ್ನುತ್ತಿತ್ತು. ಪರದೆಯನ್ನು ನೋಡಿದರೆ ಅಚ್ಚುಕಟ್ಟಾದ ಕನ್ನಡ ಅಕ್ಷರಗಳು, ಅಧ್ಯಾಯದ ಶೀರ್ಷಿಕೆ, ಪ್ಯಾರಾ, ಎಲ್ಲವೂ ಇದ್ದಲ್ಲೇ ಇದ್ದವು. ಪುಸ್ತಕ ಇಪಬ್ ಎಂಬ ಇ-ಪುಸ್ತಕ ರೂಪದಲ್ಲಿತ್ತು. ಇಪಬ್ ಎಂದರೆ ಮುಕ್ತ ರೂಪ, ಯಾವ ಸಾಧನದಲ್ಲಾದರೂ ಓದಬಹುದು ಎಂದು ತರಗತಿಯಲ್ಲಿ ಅವನಿಗೆ ಹೇಳಿಕೊಟ್ಟವನು ನಾನೇ ಆದ್ದರಿಂದ ಸ್ವಲ್ಪ ಮುಜುಗರವೂ ಆಯಿತು.

ಅವನನ್ನು ಕೂರಿಸಿ ಕಡತವನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ಇಪಬ್ ಎನ್ನುವುದು ಹೊರಗಿನಿಂದ ಒಂದೇ ಕಡತದಂತೆ ಕಂಡರೂ ವಾಸ್ತವದಲ್ಲಿ ಅದೊಂದು ಜಿಪ್ ಗಂಟು. ಕಡತದ ಹೆಸರಿನ ಕೊನೆಯಲ್ಲಿರುವ ಇಪಬ್ ಎಂಬುದನ್ನು ಅಳಿಸಿ ಜಿಪ್ ಎಂದು ಬರೆದರೆ ಸಾಕು, ಒಳಗಿರುವುದೆಲ್ಲ ಬಿಚ್ಚಿಕೊಳ್ಳುತ್ತದೆ. ಗಂಟಿನಲ್ಲಿ ಮೊಟ್ಟಮೊದಲು ಸಿಗುವುದು ತಾನು ಇಪಬ್ ಎಂದು ಒಂದೇ ಸಾಲಿನಲ್ಲಿ ಸಾರುವ ಪುಟ್ಟ ಕಡತ. ಅದರ ಬೆನ್ನಿಗೆ ಪುಸ್ತಕದ ಹೆಸರು, ಲೇಖಕ, ಭಾಷೆ, ಅಧ್ಯಾಯಗಳ ಅನುಕ್ರಮ ಇವುಗಳನ್ನು ದಾಖಲಿಸಿದ ಪಟ್ಟಿ, ಆಮೇಲೆ ಜಾಲತಾಣದ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್‌ನಲ್ಲೇ ಬರೆದ ಒಂದೊಂದು ಅಧ್ಯಾಯ, ವಿನ್ಯಾಸದ ಕಡತ, ಚಿತ್ರಗಳು, ಫಾಂಟು. ಗ್ರಂಥಪಾಲಕನ ಕಣ್ಣಿಗೆ ಇದಕ್ಕಿಂತ ಹಿತವಾದ ವ್ಯವಸ್ಥೆ ಮತ್ತೊಂದಿಲ್ಲ: ಪುಸ್ತಕ ತನ್ನ ಕ್ಯಾಟಲಾಗ್ ಕಾರ್ಡನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಬರುತ್ತದೆ.

ಮೊದಲ ಅಧ್ಯಾಯವನ್ನು ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದೆ. ಕನ್ನಡದ ಒಂದೇ ಒಂದು ಅಕ್ಷರ ಅಲ್ಲಿರಲಿಲ್ಲ. ‘ಕನ್ನಡ’ ಎಂಬ ಪದ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’, ತಲೆಕಟ್ಟಿನ ಬದಲು ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’, ನಕಾರಕ್ಕೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ನಕಾರದ ಒತ್ತಿಗೆ ಜರ್ಮನ್ ಭಾಷೆಯ ಒಂದು ಅಕ್ಷರ, ಡಕಾರಕ್ಕೆ ಸಣ್ಣ ‘ಕ್ಯೂ’, ಕೊನೆಗೆ ಇನ್ನೊಂದು ‘ಎ’. ಇಪ್ಪತ್ತೈದು ವರ್ಷ ಡಿಟಿಪಿ ಅಂಗಡಿಗಳ ಜೊತೆ ವ್ಯವಹರಿಸಿದವರಿಗೆ ಈ ಗುರುತು ಹೊಸದಲ್ಲ. ಪಠ್ಯವನ್ನು ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ ಫಾಂಟಿನಲ್ಲಿ, ಬೆರಳಚ್ಚು ಮಾಡಿಸಿದ್ದರು. ಇಪಬ್ ಮಾಡುವಾಗ ಆ ಫಾಂಟನ್ನೂ ಗಂಟಿಗೆ ಸೇರಿಸಿ ಕಟ್ಟಿದ್ದರು. ಫಾಂಟು ಜೊತೆಯಲ್ಲಿರುವವರೆಗೆ ಕಣ್ಣಿಗೆ ಕನ್ನಡ ಕಾಣುತ್ತದೆ. ಕಣ್ಣನ್ನು ಪಕ್ಕಕ್ಕಿಟ್ಟು ಅಕ್ಷರವನ್ನೇ ಓದುವ ಯಂತ್ರಕ್ಕೆ ಮಾತ್ರ ಅಲ್ಲಿರುವುದು ಪೌಂಡು.

ಇದರಲ್ಲಿ ಆ ಕಾಲದವರ ತಪ್ಪೇನಿಲ್ಲ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದ್ದರೂ, ನಮ್ಮ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ಸಾಮರ್ಥ್ಯ ಸಾಮಾನ್ಯ ಕಂಪ್ಯೂಟರುಗಳಿಗೆ ಬರಲು ವರ್ಷಗಳೇ ಹಿಡಿದವು. ನುಡಿ, ಬರಹ, ಶ್ರೀಲಿಪಿಗಳಂತಹ ತಂತ್ರಾಂಶಗಳು ಇಲ್ಲದಿದ್ದರೆ ಆ ನಡುವಿನ ಕಾಲದಲ್ಲಿ ಕನ್ನಡದ ಪುಸ್ತಕೋದ್ಯಮವೇ ನಿಂತುಹೋಗುತ್ತಿತ್ತು. ಕಾಗದದ ಮೇಲೆ ಚೆಂದವಾಗಿ ಅಚ್ಚಾಗುವುದಷ್ಟೇ ಗುರಿಯಾಗಿದ್ದಾಗ ಅಕ್ಷರದ ಹಿಂದೆ ಯಾವ ಸಂಕೇತ ಅಡಗಿದೆ ಎಂದು ಯಾರು ಕೇಳಬೇಕಿತ್ತು? ನನ್ನ ತಕರಾರು ಇರುವುದು ಇವತ್ತಿನ ಡಿಜಿಟಲ್ ಗ್ರಂಥಾಲಯದ ಬಗ್ಗೆ. ಹೊರಗೆ ಮುಕ್ತ ರೂಪದ ಹಣೆಪಟ್ಟಿ ಅಂಟಿಸಿ, ಒಳಗೆ ಬೀಗ ಹಾಕಿದ ಪಠ್ಯವನ್ನು ಕೊಡುವುದು ಮುಖಪುಟವೊಂದನ್ನೇ ಬದಲಾಯಿಸಿ ಹೊಸ ಆವೃತ್ತಿ ಎಂದು ಮಾರಿದ ಹಾಗೆ. ಅಂತಹ ಪುಸ್ತಕದಲ್ಲಿ ಒಂದು ಪದವನ್ನು ಹುಡುಕಿದರೆ ಸಿಗುವುದಿಲ್ಲ, ಒಂದು ವಾಕ್ಯವನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಕನ್ನಡ ಬರುವುದಿಲ್ಲ, ನಿಘಂಟಿನಲ್ಲಿ ಅರ್ಥ ನೋಡೋಣವೆಂದರೆ ನಿಘಂಟು ಕಣ್ಣುಬಿಡುತ್ತದೆ. ಓದುಗ ಫಾಂಟ್ ಬದಲಾಯಿಸಿದನೋ, ಇಡೀ ಪುಸ್ತಕವೇ ಪೌಂಡು.

ಇಪಬ್ ರೂಪದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, 1999ರಲ್ಲಿ ಓಪನ್ ಇಬುಕ್ ಎಂಬ ಹೆಸರಿನಲ್ಲಿ ಬಂದ ನಿಯಮಾವಳಿಯೇ ಬೆಳೆದು 2007ರಲ್ಲಿ ಇಪಬ್ ಆಯಿತು, 2011ರಲ್ಲಿ ಮೂರನೆಯ ಆವೃತ್ತಿ ಬಂತು. ಅದನ್ನು ರೂಪಿಸುತ್ತಿದ್ದ ಸಂಸ್ಥೆ 2017ರಲ್ಲಿ, ಜಾಲದ ಮಾನಕಗಳನ್ನು ನಿರ್ಧರಿಸುವ ಡಬ್ಲ್ಯು3ಸಿಯೊಳಗೆ ವಿಲೀನವಾಯಿತು. ಈಗ ಚಾಲ್ತಿಯಲ್ಲಿರುವ 3.3 ಆವೃತ್ತಿ 2023ರ ಮೇ ತಿಂಗಳಲ್ಲಿ ಅಲ್ಲಿಂದಲೇ ಅಂಗೀಕಾರ ಪಡೆದದ್ದು. ನಿಯಮಾವಳಿಯನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು, ಅದರಂತೆ ಓದುವ ಆ್ಯಪನ್ನೋ ಪುಸ್ತಕ ತಯಾರಿಸುವ ಸಾಧನವನ್ನೋ ಯಾರ ಅಪ್ಪಣೆಯೂ ಇಲ್ಲದೆ ರಚಿಸಬಹುದು. ಗ್ರಂಥಾಲಯಗಳಿಗೆ ಮುಖ್ಯವಾಗಬೇಕಾದ ಗುಣ ಇದು, ಏಕೆಂದರೆ ನಾವು ಪುಸ್ತಕವನ್ನು ಕೊಳ್ಳುವುದು ಐದು ವರ್ಷದ ಮಟ್ಟಿಗಲ್ಲ. 2000ದ ಸುಮಾರಿಗೆ ಮೈಕ್ರೋಸಾಫ್ಟ್ ರೀಡರ್ ಎಂಬ ತಂತ್ರಾಂಶವೂ ಅದಕ್ಕೆಂದೇ ಒಂದು ಇ-ಪುಸ್ತಕ ರೂಪವೂ ಬಂದಿದ್ದವು. 2012ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ನಮ್ಮಲ್ಲಿಯೇ ನೋಡಿದರೆ ಕನ್ನಡದ ಎಷ್ಟೋ ಪುಸ್ತಕಗಳ ಮೂಲ ಕಡತಗಳು ಪೇಜ್‌ಮೇಕರಿನಲ್ಲಿವೆ. ಆ ತಂತ್ರಾಂಶದ ಕೊನೆಯ ಮುಖ್ಯ ಆವೃತ್ತಿ ಬಂದದ್ದು 2001ರಲ್ಲಿ. ಪ್ರಕಾಶಕರ ಕಪಾಟಿನಲ್ಲಿ ಸಿ.ಡಿ. ಇದೆ, ಸಿ.ಡಿ.ಯಲ್ಲಿ ಪುಸ್ತಕವಿದೆ, ಆದರೆ ಅದನ್ನು ತೆರೆಯಲು ಹಳೆಯ ಕಂಪ್ಯೂಟರೊಂದನ್ನು ಬಟ್ಟೆ ಹೊದಿಸಿ ಇಟ್ಟುಕೊಂಡಿರುವ ಡಿಟಿಪಿಯವರನ್ನೇ ಹುಡುಕಿಕೊಂಡು ಹೋಗಬೇಕು.

ಹಾಗಾದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಸಾಲದೆ ಎಂದು ನಮ್ಮ ಹಿರಿಯ ಅಧ್ಯಾಪಕರೊಬ್ಬರು ಕೇಳುತ್ತಿರುತ್ತಾರೆ. ಪಿಡಿಎಫ್ ಕೂಡ 2008ರಿಂದ ಐಎಸ್‌ಒ ಮಾನಕವೇ, ಅದನ್ನು ಮುಚ್ಚಿದ ರೂಪ ಎಂದು ಹೇಳುವಂತಿಲ್ಲ. ಸ್ಕ್ಯಾನಿನ ಬಗ್ಗೆ ನನಗೆ ಗೌರವವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆಶ್ರಯ ಕೊಟ್ಟ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಪುಟಪುಟವನ್ನೂ ಚಿತ್ರವಾಗಿ ಸೆರೆಹಿಡಿಯದಿದ್ದರೆ ಅನೇಕ ಹಳೆಯ ಕನ್ನಡ ಪುಸ್ತಕಗಳ ಮುಖವನ್ನೇ ನಾವು ನೋಡುತ್ತಿರಲಿಲ್ಲ. ಅವುಗಳ ಪ್ರತಿಗಳು ಇಂಟರ್ನೆಟ್ ಆರ್ಕೈವಿನಲ್ಲಿ ಇಂದಿಗೂ ಸಿಗುತ್ತವೆ. ಆದರೆ ಅಲ್ಲಿ ಪುಸ್ತಕಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದಿಟ್ಟಿರುವುದರಿಂದ ಬೇಕಾದದ್ದನ್ನು ಹುಡುಕುವುದೇ ಒಂದು ತಪಸ್ಸು, ಮತ್ತು ಒಳಗಿರುವುದು ಪುಟದ ಫೋಟೋ ಆದ್ದರಿಂದ ಸಿಕ್ಕ ಮೇಲೂ ಅದನ್ನು ಓದುವುದಕ್ಕೆ ದೊಡ್ಡ ಪರದೆ ಬೇಕು. ಐದೂವರೆ ಇಂಚಿನ ಮೊಬೈಲಿನಲ್ಲಿ ಡೆಮಿ ಅಳತೆಯ ಪುಟವನ್ನು ಹಿಗ್ಗಿಸಿ, ಪ್ರತಿ ಸಾಲಿಗೂ ಎಡಕ್ಕೂ ಬಲಕ್ಕೂ ತಳ್ಳುತ್ತ, ಎರಡು ಪುಟ ಓದುವುದರೊಳಗೆ ಯಾರಾದರೂ ಫೋನನ್ನು ಕೆಳಗಿಡುತ್ತಾರೆ. ಇಪಬ್‌ನಲ್ಲಿ ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲುಗಳೇ ಮುರಿದು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ.

ಗಾತ್ರದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿದ್ದೇನೆ. 300 ಪುಟದ ಪುಸ್ತಕ, ಪುಟಕ್ಕೆ 1,500 ಅಕ್ಷರಸಂಕೇತ ಎಂದಿಟ್ಟುಕೊಂಡರೆ ಒಟ್ಟು ನಾಲ್ಕೂವರೆ ಲಕ್ಷ. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು, ಅಂದರೆ ಹೆಚ್ಚೆಂದರೆ 13.5 ಲಕ್ಷ ಬೈಟ್, ಸುಮಾರು 1.3 ಎಂಬಿ. ಜಿಪ್ ಮಾಡಿದಾಗ ಅದು ಇನ್ನೂ ಎಷ್ಟೋ ಪಾಲು ಕುಗ್ಗುತ್ತದೆ. ಒಂದು ಯೂನಿಕೋಡ್ ಫಾಂಟನ್ನು ಜೊತೆಗೆ ಸೇರಿಸಿದರೂ ಇಡೀ ಪುಸ್ತಕ 1 ಎಂಬಿಯ ಆಸುಪಾಸಿನಲ್ಲಿ ಉಳಿಯುತ್ತದೆ. ನನ್ನ ಬಳಿ ಇರುವ ಅಷ್ಟೇ ದಪ್ಪದ ಸ್ಕ್ಯಾನ್ ಪ್ರತಿಯೊಂದು 62 ಎಂಬಿ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ, ನಿಧಾನವಾದ ಸಂಪರ್ಕದಲ್ಲಿ, ಆಗಲೇ ತುಂಬಿಹೋಗಿರುವ ಫೋನಿಗೆ ಪುಸ್ತಕ ಇಳಿಸಿಕೊಳ್ಳುವ ಹುಡುಗಿಗೆ ಈ ವ್ಯತ್ಯಾಸ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಸ್ಕ್ಯಾನನ್ನು ಬಿಸಾಡಿ ಎಂದು ನಾನು ಹೇಳುವುದಿಲ್ಲ. ಮೂಲದಲ್ಲಿ ಏನಿತ್ತು ಎಂಬ ಜಗಳ ಬಂದಾಗ ಸಾಕ್ಷಿ ಹೇಳುವುದು ಅದೇ. ಡಿಜಿಟಲ್ ಗ್ರಂಥಾಲಯ ಎರಡನ್ನೂ ಇಡಬೇಕು: ಸಾಕ್ಷಿಗೆ ಸ್ಕ್ಯಾನು, ಓದಿಗೆ ಇಪಬ್. ಕನ್ನಡ ವಿಕಿಸೋರ್ಸ್‌ನಲ್ಲಿ ಈ ಜೋಡಿಯನ್ನು ಬಹಳ ಸೊಗಸಾಗಿ ಇಟ್ಟಿದ್ದಾರೆ. ಒಂದು ಬದಿಯಲ್ಲಿ ಪುಟದ ಚಿತ್ರ, ಇನ್ನೊಂದು ಬದಿಯಲ್ಲಿ ಬೆರಳಚ್ಚಾದ ಪಠ್ಯ. ಯಾರೂ ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಮತ್ತೊಬ್ಬರು ಪರಿಶೀಲಿಸಿದ ಮೇಲಷ್ಟೇ ಹಸಿರು. ಹಾಗೆ ಸಿದ್ಧವಾದ ಪುಸ್ತಕವನ್ನು ಅಲ್ಲಿಂದಲೇ ಇಪಬ್ ಆಗಿ ಇಳಿಸಿಕೊಳ್ಳಬಹುದು. ಕರಡು ತಿದ್ದುವುದೆಂದರೆ ಕೆಳದರ್ಜೆಯ ಕೆಲಸವೆಂದು ಭಾವಿಸಿರುವ ನಮ್ಮ ಕೆಲವು ಸಂಶೋಧಕರು ಅಲ್ಲಿ ಒಂದು ವಾರ ಕುಳಿತು ನೋಡಬೇಕು.

ಮತ್ತೆ ಆ ಹುಡುಗನ ಪುಸ್ತಕಕ್ಕೆ ಬರುತ್ತೇನೆ. ಆ ಡಿಜಿಟಲ್ ಗ್ರಂಥಾಲಯಕ್ಕೆ ಪತ್ರ ಬರೆದೆ. “ನಮ್ಮಲ್ಲಿ ಕಡತ ಸರಿಯಾಗಿಯೇ ತೆರೆಯುತ್ತಿದೆ” ಎಂಬ ಉತ್ತರ ಬಂತು. ಅವರ ದೃಷ್ಟಿಯಲ್ಲಿ ಅದು ಸುಳ್ಳೂ ಅಲ್ಲ. ಅಚ್ಚಾದ ಪ್ರತಿ ನಮ್ಮ ಕಪಾಟಿನಲ್ಲಿ ಇದ್ದುದರಿಂದ ನಾನೇ ಕೈಹಾಕಿದೆ. ಅಂಗವಿಕಲರಿಗೆ ನಿಲುಕುವ ರೂಪದಲ್ಲಿ ಕೃತಿಯೊಂದರ ಪ್ರತಿ ಮಾಡಿಕೊಡುವುದನ್ನು ನಮ್ಮ ಹಕ್ಕುಸ್ವಾಮ್ಯ ಕಾಯ್ದೆ 2012ರ ತಿದ್ದುಪಡಿಯ ನಂತರ ಉಲ್ಲಂಘನೆ ಎಂದು ಎಣಿಸುವುದಿಲ್ಲ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತವೇ. ಕಾನೂನು ಇಷ್ಟು ಮುಂದಿದ್ದು ಕಡತಗಳು ಇಷ್ಟು ಹಿಂದೆ ಉಳಿದಿರುವುದು ವಿಚಿತ್ರವೇ.

ಆಸ್ಕಿ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಈಗ ಧಾರಾಳವಾಗಿವೆ, ಒಂದು ನಿಮಿಷದಲ್ಲಿ ನೂರರಲ್ಲಿ ತೊಂಬತ್ತೈದು ಪಾಲು ಕೆಲಸ ಮುಗಿದಂತೆ ಕಾಣುತ್ತದೆ. ಉಳಿದ ಐದು ಪಾಲಿಗೆ ಹನ್ನೊಂದು ಸಂಜೆಗಳು ಹಿಡಿದವು. ಮೊದಲ ತೊಡಕು ಅರ್ಕಾವತ್ತು. ‘ಸೂರ್ಯ’ ಎಂದು ಬರೆಯುವಾಗ ಕಣ್ಣಿಗೆ ಅರ್ಕಾವತ್ತು ಯಕಾರದ ಬಲಗಡೆ ಕಾಣುತ್ತದೆ, ಹಳೆಯ ಫಾಂಟುಗಳಲ್ಲಿ ಅದರ ಸಂಕೇತವೂ ಅಲ್ಲೇ ಇರುತ್ತದೆ. ಯೂನಿಕೋಡಿನಲ್ಲಾದರೋ ನಾವು ಉಚ್ಚರಿಸುವ ಕ್ರಮದಲ್ಲೇ ರೇಫ ಮೊದಲು, ಯಕಾರ ಆಮೇಲೆ. ಪರಿವರ್ತಕವು ಅದನ್ನು ಹಿಂದಕ್ಕೆ ಒಯ್ದು ಕೂರಿಸಬೇಕು. ನಡುವೆ ಗುಣಿತವೋ ಇನ್ನೊಂದು ಒತ್ತೋ ಬಂದರೆ ಒಮ್ಮೊಮ್ಮೆ ತಪ್ಪಾದ ಜಾಗದಲ್ಲಿ ಕೂರಿಸಿಬಿಡುತ್ತದೆ. ಎರಡನೆಯದು, ಪುಸ್ತಕದಲ್ಲಿ ಅಲ್ಲಲ್ಲಿ ಇದ್ದ ಇಂಗ್ಲಿಷ್ ಪದಗಳು. ಅವನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ನಾಲಿಗೆ ಹೊರಳದ ಅಕ್ಷರಮಾಲೆಯನ್ನು ಕೊಟ್ಟಿತ್ತು. ಕೊನೆಯ ಎರಡು ಅಧ್ಯಾಯಗಳಂತೂ ಆ ಕಡತದಲ್ಲಿ ಬರೀ ಚಿತ್ರಗಳಾಗಿದ್ದವು. ಅಚ್ಚಾದ ಪುಟಗಳನ್ನು ಸ್ಕ್ಯಾನ್ ಮಾಡಿ, ಟೆಸೆರಾಕ್ಟ್ ಎಂಬ ಮುಕ್ತ ತಂತ್ರಾಂಶದಿಂದ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಕೆಲಸ, ಮಾಡಿಸಿದೆ. ಅದಕ್ಕೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಮಾಸಿದ ಅಚ್ಚಿನಲ್ಲಿ ಮಾತ್ರ ‘ದ’ ಯಾವುದು, ಹೊಟ್ಟೆ ಸೀಳಿದ ‘ಧ’ ಯಾವುದು ಎಂದು ಅದಕ್ಕೂ ತಿಳಿಯುವುದಿಲ್ಲ, ಕನ್ನಡಕ ಇಲ್ಲದಾಗ ನನಗೂ ತಿಳಿಯುವುದಿಲ್ಲ.

ಪುಸ್ತಕದ ನಡುವೆ ಕುಮಾರವ್ಯಾಸನ ಕೆಲವು ಪದ್ಯಗಳನ್ನು ಉದ್ಧರಿಸಿದ್ದರು. ಅವುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕನ್ನಡದ ಇ-ಪುಸ್ತಕಗಳಲ್ಲಿ ಪದ್ಯಕ್ಕೆ ಆಗುವ ಅನ್ಯಾಯವನ್ನು ಗಮನಿಸಿದವರು ಕಡಿಮೆ. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ತಲಾ 14 ಮಾತ್ರೆ. ಮೂರನೆಯದರಲ್ಲಿಯೂ ಆರನೆಯದರಲ್ಲಿಯೂ 23. ಅಗಲ ಕಡಿಮೆಯಿರುವ ಪರದೆಯಲ್ಲಿ ಈ ಉದ್ದದ ಸಾಲುಗಳೆರಡೂ ಮುರಿದು ಕೆಳಕ್ಕಿಳಿಯುತ್ತವೆ, ಆರು ಸಾಲಿನ ಪದ್ಯ ಎಂಟು ಸಾಲಿನದಾಗಿ ಕಾಣುತ್ತದೆ. ಷಟ್ಪದಿ ಎಂದರೇನೆಂದು ಈಗಷ್ಟೇ ಕಲಿಯುತ್ತಿರುವ ವಿದ್ಯಾರ್ಥಿ ಅದನ್ನು ನೋಡಿ ಏನು ಅರ್ಥ ಮಾಡಿಕೊಳ್ಳಬೇಕು? ಹಲವರು ಇದಕ್ಕೆ ಹೆದರಿ ಪದ್ಯವನ್ನು ಚಿತ್ರವಾಗಿ ಅಂಟಿಸುತ್ತಾರೆ, ಅದರೊಂದಿಗೆ ಹುಡುಕಾಟವೂ ಹೋಯಿತು, ಕೇಳುವ ಓದುಗನೂ ಹೋದ. ಪರಿಹಾರ ವಿನ್ಯಾಸದ ಕಡತದಲ್ಲಿ ಬರೆಯುವ ಎರಡೇ ಎರಡು ಸೂಚನೆಗಳಲ್ಲಿದೆ: ಪದ್ಯದ ಪ್ರತಿ ಸಾಲಿಗೂ ಎಡಗಡೆ ಒಂದಿಷ್ಟು ಜಾಗ ಬಿಡುವುದು, ಸಾಲಿನ ಆರಂಭವನ್ನು ಮಾತ್ರ ಅಷ್ಟೇ ಜಾಗ ಹೊರಕ್ಕೆ ಎಳೆಯುವುದು. ಆಗ ಮುರಿದ ಭಾಗ ಒಳಸರಿದು ನಿಲ್ಲುತ್ತದೆ, ಇದು ಹೊಸ ಸಾಲಲ್ಲ, ಮೇಲಿನದರ ಬಾಲ ಎಂದು ಕಣ್ಣಿಗೆ ತಾನಾಗಿ ತಿಳಿಯುತ್ತದೆ. ಸಿಗಿಲ್ ಎಂಬ ಉಚಿತ ಸಂಪಾದಕದಲ್ಲಿ ಇದನ್ನು ಮಾಡಲು ನನ್ನಂತಹ ಅರೆಬರೆ ಬಲ್ಲವನಿಗೂ ಕಾಲು ಗಂಟೆ ಸಾಕಾಯಿತು.

ಪುಟಸಂಖ್ಯೆಯ ವಿಷಯದಲ್ಲಿ ಅಧ್ಯಾಪಕರ ದೂರು ನ್ಯಾಯವಾದದ್ದು. ಸಾಲು ಹರಿದಾಡುವ ಪುಸ್ತಕದಲ್ಲಿ ಪುಟವೆಂಬುದೇ ಇಲ್ಲದಿದ್ದರೆ ಅಡಿಟಿಪ್ಪಣಿಯಲ್ಲಿ ಉಲ್ಲೇಖ ಕೊಡುವುದು ಹೇಗೆ? ಇಪಬ್‌ನಲ್ಲಿ ಇದಕ್ಕೂ ದಾರಿಯಿದೆ. ಅಚ್ಚಿನಲ್ಲಿ ಯಾವ ಪದಕ್ಕೆ ಪುಟ ಮುಗಿದು ಮುಂದಿನ ಪುಟ ಶುರುವಾಯಿತೋ ಅಲ್ಲಿ ಕಣ್ಣಿಗೆ ಕಾಣದ ಗುರುತೊಂದನ್ನು ನೆಟ್ಟು, ಆ ಗುರುತುಗಳದೇ ಒಂದು ಪಟ್ಟಿಯನ್ನು ಪುಸ್ತಕದೊಳಗೆ ಇಡಬಹುದು. ಅದನ್ನು ಬಲ್ಲ ಓದುವ ತಂತ್ರಾಂಶದಲ್ಲಿ “112ನೇ ಪುಟಕ್ಕೆ ಹೋಗು” ಎಂದರೆ ಅಚ್ಚಿನ 112ನೇ ಪುಟಕ್ಕೇ ಹೋಗುತ್ತದೆ. ತರಗತಿಯಲ್ಲಿ ಎಲ್ಲರೂ ಒಂದು ಪುಟ ತೆಗೆದಾಗ ಆ ಹುಡುಗನೂ ಅದೇ ಪುಟ ತೆಗೆಯಬಹುದು. ಕನ್ನಡದ ಇಪಬ್‌ಗಳಲ್ಲಿ ಈ ಸೌಲಭ್ಯವನ್ನು ನಾನು ನೋಡಿದ್ದು ತೀರಾ ವಿರಳ. ಬೇಸರದ ಕೆಲಸ, ನಿಜ. 214 ಗುರುತುಗಳನ್ನು ನೆಡುವಾಗ ನನಗೂ ಆಕಳಿಕೆ ಬಂತು.

ಪ್ರಕಾಶಕರ ಭಯ ನನಗೆ ಗೊತ್ತು. ಮುಕ್ತ ರೂಪದಲ್ಲಿ ಕೊಟ್ಟರೆ ಮರುದಿನವೇ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತದೆ ಎನ್ನುತ್ತಾರೆ. ಮೊಬೈಲ್ ಕ್ಯಾಮೆರಾದಲ್ಲಿ ಹೊಡೆದ ಪಿಡಿಎಫ್‌ಗಳು ಈಗಲೇ ಅಲ್ಲಿ ಹರಿದಾಡುತ್ತಿವೆ, ಬೀಗ ಹಾಕಿದ್ದರಿಂದ ಅದೇನೂ ನಿಂತಿಲ್ಲ. ಅಷ್ಟಕ್ಕೂ ರೂಪ ಮುಕ್ತವಾಗಿರುವುದು ಬೇರೆ, ಕೃತಿ ಉಚಿತವಾಗಿರುವುದು ಬೇರೆ. ನಮ್ಮಲ್ಲಿ ಲೇಖಕರ ಮರಣದ ನಂತರ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ, ಅದು ಉಳಿಯಲಿ. ದುಡ್ಡು ಕೊಟ್ಟು ಕೊಂಡ ಇಪಬ್ ಕೂಡ ಮುಕ್ತ ರೂಪದ್ದೇ ಆಗಿರಬಹುದು. ನಾನು ಒಪ್ಪದಿರುವುದು, ಗ್ರಂಥಾಲಯಗಳಿಗೆ ಪುಸ್ತಕವನ್ನು ಕೊಡದೆ ಒಂದು ಆ್ಯಪಿನ ಒಳಗಿನ ನೋಟವನ್ನಷ್ಟೇ ಬಾಡಿಗೆಗೆ ಕೊಡುವ ಪದ್ಧತಿಯನ್ನು. ಚಂದಾ ಮುಗಿದ ದಿನ ಕಪಾಟು ಖಾಲಿ, ಆ್ಯಪ್ ನಿಂತ ದಿನ ಗ್ರಂಥಾಲಯವೇ ಖಾಲಿ. ನಮ್ಮ ಕಾಲೇಜಿನ ಇ-ಪುಸ್ತಕ ಖರೀದಿಯ ಆದೇಶದಲ್ಲಿ ಈ ವರ್ಷದಿಂದ ಒಂದು ವಾಕ್ಯ ಸೇರಿಸಿದ್ದೇನೆ: ಪಠ್ಯವು ಯೂನಿಕೋಡ್ ಕನ್ನಡದಲ್ಲಿರಬೇಕು, ಕಡತವು ಇಪಬ್‌ಚೆಕ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ಗ್ರಂಥಾಲಯದ ಸರ್ವರಿನಲ್ಲಿ ಇಟ್ಟುಕೊಳ್ಳಲು ಬರಬೇಕು. ಇಪಬ್‌ಚೆಕ್ ರಚನೆಯ ದೋಷಗಳನ್ನು ಹಿಡಿಯುತ್ತದೆಯೇ ಹೊರತು ಪೌಂಡನ್ನು ಹಿಡಿಯುವುದಿಲ್ಲ. ಅದಕ್ಕೆಂದೇ ‘ಯೂನಿಕೋಡ್ ಕನ್ನಡ’ ಎಂಬುದನ್ನು ಬೇರೆಯಾಗಿ ಬರೆಯಬೇಕಾಯಿತು. ಮೂವರು ಸರಬರಾಜುದಾರರಲ್ಲಿ ಒಬ್ಬರು ಒಪ್ಪಿದ್ದಾರೆ, ಒಬ್ಬರು ಯೂನಿಕೋಡ್ ಎಂದರೆ ಯಾವ ಫಾಂಟು ಎಂದು ಕೇಳಿದ್ದಾರೆ, ಇನ್ನೊಬ್ಬರು ಉತ್ತರಿಸಿಲ್ಲ.

ಸಿದ್ಧವಾದ ಪುಸ್ತಕವನ್ನು ಹುಡುಗನಿಗೆ ಕಳಿಸಿದ ಮೂರನೆಯ ದಿನ ಅವನೇ ಬಂದ. “ಸರ್, ಚೆನ್ನಾಗಿ ಓದ್ತಿದೆ. ಆದರೆ ಕೊನೇ ಎರಡು ಅಧ್ಯಾಯದಲ್ಲಿ ‘ಬೆ ಸೊನ್ನೆ ಗಳೂರು’ ಅಂತಿದೆ.” ನೋಡಿದೆ, ‘ಬೆಂಗಳೂರು’ ಎಂದೇ ಇತ್ತು. ದೊಡ್ಡದು ಮಾಡಿ ನೋಡಿದೆ, ಆಗಲೂ ಅಷ್ಟೇ. ಆಮೇಲೆ ಹೊಳೆಯಿತು: ಓಸಿಆರ್ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಹಾಕಿತ್ತು. ಎರಡೂ ಒಂದೇ ದುಂಡು, ಎರಡು ಸಲ ಕರಡು ನೋಡಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಕನ್ನಡ ಅಕ್ಷರಗಳ ನಡುವೆ ಸಿಕ್ಕಿಕೊಂಡ ಸೊನ್ನೆಗಳನ್ನೆಲ್ಲ ಹುಡುಕಿಸಿದಾಗ 47 ಸಿಕ್ಕವು, ಎಲ್ಲವನ್ನೂ ತಿದ್ದಿ ಮತ್ತೆ ಕಳಿಸಿದೆ. ಅಂದಿನಿಂದ ನಮ್ಮಲ್ಲಿ ತಯಾರಾಗುವ ಪ್ರತಿ ಇಪಬ್‌ನ ಕೊನೆಯ ಕರಡನ್ನು ಅವನೇ ಕೇಳುತ್ತಾನೆ, ಗಂಟೆಗಿಷ್ಟು ಎಂದು ಕಾಲೇಜಿನಿಂದ ಸಂಭಾವನೆಯನ್ನೂ ಕೊಡಿಸುತ್ತಿದ್ದೇನೆ. ನಿನ್ನೆ ವಾಟ್ಸಾಪಿನಲ್ಲಿ ಒಂದು ಧ್ವನಿ ಸಂದೇಶ ಬಂದಿದೆ. 112ನೇ ಪುಟದಲ್ಲಿ ಒಂದು ವಾಕ್ಯ ಕ್ರಿಯಾಪದವೇ ಇಲ್ಲದೆ ಮುಗಿಯುತ್ತದಂತೆ, ಇದು ನನ್ನ ತಪ್ಪೋ ಪುಸ್ತಕದ್ದೋ ಎಂದು ಕೇಳಿದ್ದಾನೆ. ಅಚ್ಚಿನ ಪ್ರತಿಯನ್ನು ತೆಗೆದು ನೋಡಿದೆ, ಅಲ್ಲಿಯೂ ಕ್ರಿಯಾಪದವಿಲ್ಲ. ಸದ್ಯಕ್ಕೆ ಮೂಲದಲ್ಲಿ ಇರುವಂತೆಯೇ ಬಿಟ್ಟಿದ್ದೇನೆ, ಲೇಖಕರಿಗೆ ಒಂದು ಕಾಗದ ಬರೆಯಬೇಕು.